ಹಳೇ ಗಾಳಿ

ರಾಯಚೂರು ಗಂಜಿನ ಗೇಟಿನೆದುರು, ಬೇವಿನ ಟೊಂಗಿಗೆ
ಒಂದು ಸವೆದ ಟೈರು ಕಟ್ಟೀನಿ. ಅದೇ ನನ್ನ ಬೋರ್ಡು.
ಮೂವತ್ತೊಂದು ವರ್ಷ ಗಾಳಿ ಮಾರೀನಿ ನಾನು, ನದಾಫ ಮೌಲಪ್ಪ.
ಸೈಕಲ್ಲಿಗೆ ನಾಲ್ಕಾಣೆ ಇದ್ದಾಗಿಂದ
ಟ್ರ್ಯಾಕ್ಟರಿಗೆ ಇಪ್ಪತ್ತು ರೂಪಾಯಿ ಆಗೋತನಕ.
ಈಗ ನನಗೇ ಕಮ್ಮಿ ಬಿದ್ದದ
ಅಂದುಕೊಂಡಿದ್ದೆ.

ದೊಡ್ಡಾಸ್ಪತ್ರೆಯೊಳಗ ಮೂಗಿಗೆ ಕ್ಲಿಪ್ಪು ಹಾಕಿ
ಸೂಗಮ್ಮ, ಅಜ್ಜಿ ಹೆಸರು ಹೊತ್ತ ಹುಡುಗಿ,
‘ಊದ್ರಿ, ಊದ್ರಿ, ಇನ್ನಾ ಊದ್ರಿ, ಬಿಡಬ್ಯಾಡ್ರಿ’
ಅಂತ ಏರಿನಾಗ ನಿಂತ ಎತ್ತಿಗೆ ಕೂಗಿದಂಗ ಕೂಗಿದಳು.
ಊದಿದೆ. ಕಣ್ಣಿಗೆ ಕತ್ತಲಿ ಬಂತು.
ಕಾಗದದ ಮ್ಯಾಲಿನ ಗೆರಿ
ಒಂದೀಟು ದಿನ್ನಿ ಹತ್ತಿ, ಮೆಲ್ಲಕ ಜಾರಿ
ಮುದಿ ನಾಯಿ ಹಂಗ ಮಲಗಿಬಿಡ್ತು.
‘ನೂರಕ್ಕ ನಲವತ್ತೆರಡು’ ಅಂದಳು.
ಹತ್ತನೇತ್ತದಾಗ ಇದಕ್ಕೂ ಕಮ್ಮಿಗೆ ಪಾಸಾಗೀನವ್ವ, ಅಂದೆ.
ಆಕಿ ನಗಲಿಲ್ಲ.

ಡಾಕ್ಟರು ಚೀಟಿ ಹಿಂದ ಒಂದು ಗಿಡ ಬರೆದ, ತಲೆಕೆಳಗ.
‘ಗಾಳಿ ಕಮ್ಮಿ ಇಲ್ಲ ಮೌಲಪ್ಪ, ಹೆಚ್ಚಾಗ್ಯದ.
ನಿನ್ನಿದು ಹೊರಗ ಹೋಗಿಲ್ಲ,
ಇವತ್ತಿಂದು ಎಲ್ಲಿ ಕುಂದರಬೇಕು?’

ವಾಲ್ವು ಕಚ್ಚಿಕೊಂಡ ಟ್ಯೂಬು!
ಇಷ್ಟು ನನಗ ತಿಳೀಲಿಲ್ಲಲ್ಲ.
ಬೆಳಗಿಂದ ಸಂಜಿತನಕ ಅದನ್ನೇ ಬಿಚ್ಚೀನಿ
ಮಂದಿ ಗಾಡಿಯೊಳಗ.

ಎಂದಿನ ಗಾಳಿ ಅದು?
ಅಪ್ಪ ಹತ್ತಿ ಹಿಂಜುವಾಗ ಬಿಲ್ಲಿನ ಹುರಿ ಠಣ್ ಅಂದರ
ಕೋಲಿ ತುಂಬ ಅರಳಿ ಹಾರ್ತಿತ್ತು,
ಅಮ್ಮ ರೊಟ್ಟಿ ಮ್ಯಾಲಿಂದ ಊದಿ ಕೊಡ್ತಿದ್ದಳು.
ಆಮ್ಯಾಲ ಜಿನ್ನಿನಾಗ ಏಳು ವರ್ಷ.
ಬೀಡಿ ಮಾತ್ರ ನನ್ನದು.
ಅದನ್ನ ಅಪ್ಪನ ತಲಿಗೆ ಕಟ್ಟೋದಿಲ್ಲ.

ಮೊದಲು ಒಂದೇ ಔಷಧ ಕೊಟ್ಟಿದ್ದರು.
ಹದಿನೈದು ದಿನ ಕ್ಯಾಪ್ಸೂಲು ನೀರು ಕುಡಿದು ನುಂಗೀನಿ.
ಹೊಟ್ಟಿ ಆರಾಮ ಉಸಿರಾಡಿತೇನೋ.
ಎಳಕೊಳ್ಳೋದು ಕಲಿತ ಮ್ಯಾಲೂ
ಮೆಟ್ಟಿಲು ಮೆಟ್ಟಿಲಾಗೇ ಉಳೀತು.

ಈಗ ಒಂದೇ ಕ್ಯಾಪ್ಸೂಲಿನಾಗ ಇಬ್ಬರನ್ನ ಕೂಡಿಸ್ಯಾರ.
ಒಬ್ಬಾಂವ ನಳಿಗೆಯ ಹುರಿಗೆ ‘ಸಡಿಲಾಗು’ ಅಂತಾನ,
ಅದು ಕೇಳ್ತದ.
ಆದರ ಹಿಂದಿನಿಂದ ಯಾರೋ
‘ಬಿಗಿ, ಬಿಗಿ’ ಅಂತ ಹುಕುಂ ಕಳಿಸ್ತಾನೇ ಇರ್ತಾರಂತ.
ಎರಡನೇ ಆಸಾಮಿ ಬಾಗಿಲದಾಗ ಕುಂತು
ಬಂದ ಟಪಾಲು ಬಂದಂಗ ಹಿಡಕೋತಾನ, ಒಳಗ ಬಿಡೋದಿಲ್ಲ.
ಒಬ್ಬ ಬಿಚ್ಚಾಂವ,
ಒಬ್ಬ ಕಟ್ಟಗೊಡದಾಂವ.
ಇಬ್ಬರಿಗೂ ಒಬ್ಬರ ಮುಖ ಒಬ್ಬರಿಗೆ ಗುರ್ತಿಲ್ಲದಿದ್ದರೂ ನಡೀತದ.

ಡಬ್ಬಿಯೊಳಗ ಕ್ಯಾಪ್ಸೂಲು ಗಿರ್ರಂತ ತಿರುಗಬೇಕು.
ಸದ್ದಿಲ್ಲಂದ್ರ ಎಳದದ್ದು ಸುಳ್ಳು.
ಆಮ್ಯಾಲ ಹತ್ತು ಎಣಿಸೋತನಕ ಹಿಡೀಬೇಕು.
ಇಮಾಂಬಿ ಎಣಿಸ್ತಾಳ.
ಏಳರಿಂದ ಸೀದಾ ಒಂಬತ್ತಕ್ಕ ಹಾರ್ತಾಳ,
ನನ್ನ ಮುಖ ನೋಡಲಾರದ.
ಮೂರು ತಿಂಗಳಾತು, ಎಂಟು ಆಕಿಗೆ ಇನ್ನಾ ಸಿಕ್ಕಿಲ್ಲ.

ಗುಣ ಅನ್ನಬ್ಯಾಡ್ರಿ. ಸೂಗಮ್ಮನ ಗೆರಿ
ನಲವತ್ತೆಂಟಕ್ಕ ಬಂದು ನಿಂತದ.
ಬಾಯಿ ಅರಳಿ ತುರುಕಿದಂಗ ಒಣಗ್ತದ,
ಪ್ಯಾಚು ಹಚ್ಚುವಾಗ ಬೆರಳು ಒಂದೊಂದು ಸಲ ನಡುಗ್ತಾವ,
ಅಂಟು ಗೆರಿ ದಾಟ್ತದ.
ಆದರ ಅಂಗಡಿಯಿಂದ ಚಾದಂಗಡಿಗೆ
ಎರಡು ಸಲ ಕುಂದರಾಂವ
ಈಗ ಕುಂದರೋದಿಲ್ಲ. ಅರ್ಧ ಕಪ್ಪು ನಿಂತೇ ಕುಡೀತೀನಿ.

ನಿನ್ನಿ ಒಬ್ಬ ಹುಡುಗ, ಬೈಕು ತಂದಾಂವ:
‘ಲಗು ತುಂಬು ಕಾಕಾ, ಮೆಣಸಿನಕಾಯಿ ಸವಾಲು ಶುರು ಆಗ್ತದ.’
ಪಿನ್ನು ಒತ್ತಿದೆ.
ಎಷ್ಟು ದಿನದ್ದೋ, ಬೆಚ್ಚಗ, ರಬ್ಬರಿನ ವಾಸನಿ,
ಸುಸ್ ಅಂತ ಬೆರಳಿಗೆ ಬಡೀತು.
‘ತುಂಬು ಅಂದರ ಬಿಡ್ತೀಯಲ್ಲೋ!’

ತಡಿ, ಅಂದೆ.
ಇನ್ನಾ ಹೊಂಟದ.